ಆರಾಮಾಗೇ ಇದ್ದಾನಲ್ಲ, ಇನ್ನೂ ಯಾಕೆ ಕಟ್ಟಿ ಹಾಕಿದ್ದೀರಿ?

ಈ ಪ್ರಶ್ನೆಯನ್ನು ನನಗೆ ಗೇಟಿನಾಚೆ ನಿಂತವರು ಕೇಳಿದ್ದಾರೆ, ಮನೆಗೆ ಬಂದ ನೆಂಟರು ಕೇಳಿದ್ದಾರೆ, ತಮ್ಮ ನಾಯಿಗೂ ಹಾರ್ಟ್‌ವರ್ಮ್ (ಹೃದಯದ ರಕ್ತನಾಳಗಳಲ್ಲಿ ಬೆಳೆಯುವ ಹುಳು) ಇದೆ ಅಂತ ಆಗಷ್ಟೇ ಗೊತ್ತಾಗಿ ಗಾಬರಿಯಲ್ಲಿ ಫೋನ್ ಮಾಡಿದವರೂ ಕೇಳಿದ್ದಾರೆ. ನಮ್ಮ ನಾಯಿ ಕೆಂಚನಿಗೆ ಇದೇ ಹುಳುವಿನ ಚಿಕಿತ್ಸೆ ನಡೆಯುತ್ತಿದ್ದಾಗ ಅವನನ್ನು ನೋಡಿದರೆ ಕಾಯಿಲೆಯವನು ಅಂತ ಯಾರೂ ಹೇಳುವಂತಿರಲಿಲ್ಲ. ಮೈ ಮಿರಮಿರ ಮಿಂಚುತ್ತಿತ್ತು, ತಟ್ಟೆ ಸದ್ದಾದರೆ ಎಗರುತ್ತಿದ್ದ, ಯಾರು ಬಂದರೂ ಬಾಲ ಬಡಿಯುತ್ತಿದ್ದ. ಅಂಥವನನ್ನು ನಾವು ಓಡಲು ಬಿಡುತ್ತಿರಲಿಲ್ಲ, ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ಸೋಫಾ ಮೇಲೆ ಹಾರಲೂ ಬಿಡುತ್ತಿರಲಿಲ್ಲ. "ಪಾಪ ಕಣ್ರೀ. ಇಂಜೆಕ್ಷನ್ ಕೊಡಿಸಿ ಆಯ್ತಲ್ಲ, ಇನ್ನಾದರೂ ಬಿಡಿ" ಅನ್ನೋರು.

ಇಂಜೆಕ್ಷನ್ ಕೊಡಿಸಿ ಆಗಿತ್ತು, ಅದಕ್ಕೇ ಬಿಡುತ್ತಿರಲಿಲ್ಲ. ಇಷ್ಟು ಹೇಳಿದರೆ ಎದುರಿಗಿರುವವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹಾಗಾಗಿ ಉದ್ದದ ಉತ್ತರವನ್ನೇ ಬರೆದಿಡೋಣ ಅನ್ನಿಸಿತು.

ಈ ಹುಳು ಹರಡುವುದು ಸೊಳ್ಳೆಯಿಂದ. ಸೋಂಕಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯ ಒಳಗೆ ಕಣ್ಣಿಗೆ ಕಾಣದ ಮರಿಗಳು ಸೇರಿಕೊಳ್ಳುತ್ತವೆ. ಬೆಚ್ಚಗಿನ ಹವೆಯಲ್ಲಿ ಸುಮಾರು 10ರಿಂದ 14 ದಿನ ಅಲ್ಲೇ ಬೆಳೆದು, ಅದೇ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಅದರ ಮೈ ಸೇರುತ್ತವೆ. ಚರ್ಮದಡಿ, ಮಾಂಸಖಂಡದೊಳಗೆ ತಿಂಗಳುಗಟ್ಟಲೆ ಪಯಣಿಸಿ ಕೊನೆಗೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಬಿಡಾರ ಹೂಡುತ್ತವೆ. ಕಚ್ಚಿದ ದಿನದಿಂದ ಪೂರ್ತಿ ಬಲಿಯುವಷ್ಟರಲ್ಲಿ ಆರು ತಿಂಗಳಾದರೂ ಆಗಿರುತ್ತದೆ. ಬಲಿತ ಹೆಣ್ಣುಹುಳು 30 ಸೆಂಟಿಮೀಟರ್‌ವರೆಗೂ ಉದ್ದ, ಗಂಡು ಅದರ ಅರ್ಧದಷ್ಟು. ಚಿಕಿತ್ಸೆ ಮಾಡದೆ ಬಿಟ್ಟರೆ ಐದರಿಂದ ಏಳು ವರ್ಷ ಬದುಕುತ್ತವೆ. ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಬಹಳಷ್ಟು ನಾಯಿಗಳಲ್ಲಿ ಮೊದಮೊದಲು ಹೊರಗೆ ಏನೂ ಕಾಣುವುದಿಲ್ಲ. ಒಣಕೆಮ್ಮು, ಬೇಗ ಸುಸ್ತಾಗುವುದು, ತೂಕ ಇಳಿಯುವುದು, ಎಲ್ಲ ಆಮೇಲೆ. ಕೆಂಚನದೂ ಮಾಮೂಲಿ ರಕ್ತಪರೀಕ್ಷೆಯಲ್ಲಿ ಗೊತ್ತಾದದ್ದು.

ಜನ ಇದನ್ನು ಜಂತುಹುಳುವಿನ ಲೆಕ್ಕಕ್ಕೆ ಸೇರಿಸುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಜಂತುಹುಳು ಹೊಟ್ಟೆಯಲ್ಲಿ ಸತ್ತರೆ ಮಲದ ಜೊತೆ ಹೊರಗೆ ಹೋಗುತ್ತದೆ, ಕಥೆ ಮುಗಿಯಿತು. ರಕ್ತನಾಳದಲ್ಲಿ ಸತ್ತ ಹುಳು ಎಲ್ಲಿಗೆ ಹೋಗಬೇಕು? ಅಲ್ಲಿಂದ ಹೊರಬಾಗಿಲಿಲ್ಲ. ಅದು ಅಲ್ಲೇ ಕೊಳೆತು, ತುಂಡುತುಂಡಾಗಿ, ರಕ್ತದ ಹರಿವಿನ ಜೊತೆ ಶ್ವಾಸಕೋಶದ ಇನ್ನೂ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ದೇಹದ ಬಿಳಿ ರಕ್ತಕಣಗಳು ಆ ತುಂಡುಗಳನ್ನು ಸ್ವಲ್ಪಸ್ವಲ್ಪವೇ ಅರಗಿಸಿಕೊಳ್ಳಬೇಕು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

ಈಗ ಆ ನಾಯಿ ಅಳಿಲು ಕಂಡು ಓಡಿತು ಅಂದುಕೊಳ್ಳಿ. ಹೃದಯ ಜೋರಾಗಿ ಬಡಿಯುತ್ತದೆ, ಶ್ವಾಸಕೋಶಕ್ಕೆ ರಕ್ತ ನುಗ್ಗುತ್ತದೆ. ದಾರಿಯೆಲ್ಲ ಸರಿಯಿದ್ದರೆ ಅದೇನೂ ದೊಡ್ಡದಲ್ಲ. ಆದರೆ ಅರ್ಧ ದಾರಿ ಮುಚ್ಚಿರುವಾಗ, ನಾಳದ ಒಳಮೈ ಹುಳುಗಳಿಂದ ಮೊದಲೇ ಒರಟಾಗಿ ಊದಿಕೊಂಡಿರುವಾಗ, ಒತ್ತಡ ಏರುತ್ತದೆ, ಸತ್ತ ತುಂಡುಗಳು ಇನ್ನೂ ಒಳಕ್ಕೆ ತಳ್ಳಲ್ಪಡುತ್ತವೆ, ಹೆಪ್ಪುಗಟ್ಟಿದ ರಕ್ತ ನಾಳವನ್ನೇ ಮುಚ್ಚಬಹುದು. ಚಿಕಿತ್ಸೆಯ ಹೊತ್ತಿನಲ್ಲಿ ನಾಯಿ ಸತ್ತಿತು ಅಂತ ಕೇಳಿದಾಗ ಬಹಳ ಜನ ಇಂಜೆಕ್ಷನ್ನನ್ನು ದೂರುತ್ತಾರೆ. ಅದು ಕಟುವಾದ ಔಷಧಿ, ನಿಜ. ಆದರೆ ಎಷ್ಟೋ ಸಲ ಜೀವಕ್ಕೆ ಕುತ್ತು ತರುವುದು ಓಟ. ಇಂಜೆಕ್ಷನ್ ಆದ ಒಂದು ವಾರ, ಹತ್ತು ದಿನದಿಂದ ಹಿಡಿದು ನಾಲ್ಕು ವಾರದವರೆಗಿನ ಕಾಲ ಎಲ್ಲಕ್ಕಿಂತ ಅಪಾಯದ್ದು. ಅದೇ ಹೊತ್ತಿಗೆ ಇಂಜೆಕ್ಷನ್ನಿನ ನೋವು ಇಳಿದು ನಾಯಿ ಕುಣಿಯಲು ಶುರು ಮಾಡಿರುತ್ತದೆ. "ಆರಾಮಾಗೇ ಇದ್ದಾನಲ್ಲ" ಅನ್ನುವ ಮಾತು ಕೇಳಿಬರುವುದೂ ಆಗಲೇ.

ಚಿಕಿತ್ಸೆಯ ಕ್ರಮ ನೋಡಿದರೂ ಇದೇ ಹೆದರಿಕೆ ಅದರುದ್ದಕ್ಕೂ ಕಾಣುತ್ತದೆ. ರಿಪೋರ್ಟ್ ಪಾಸಿಟಿವ್ ಬಂತು, ನಾಳೆಯೇ ಇಂಜೆಕ್ಷನ್ ಚುಚ್ಚಿ ಮುಗಿಸಿಬಿಡೋಣ ಅನ್ನುವಂತಿಲ್ಲ. ಮೊದಲು ಸುಮಾರು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್. ಹುಳುವಿನ ಮೈಯೊಳಗೇ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಅದಿಲ್ಲದೆ ಹುಳು ಬಡವಾಗುತ್ತದೆ. ಹುಳು ಸತ್ತಾಗ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಬಿಡುಗಡೆಯಾಗಿ ಉರಿಯೂತ ಎಬ್ಬಿಸುವುದೂ ಉಂಟು, ಆದ್ದರಿಂದ ಅದನ್ನು ಮೊದಲೇ ತೊಲಗಿಸುತ್ತಾರೆ. ಜೊತೆಗೆ ತಿಂಗಳ ಮುಂಜಾಗ್ರತೆಯ ಔಷಧಿ, ಹೊಸ ಮರಿಹುಳುಗಳು ಸೇರದಿರಲಿ ಅಂತ. ಆಮೇಲೆ ಒಂದು ತಿಂಗಳು ಸುಮ್ಮನೆ ಕಾಯುವುದು. ಬಲಿಯದ ಹುಳುಗಳ ಮೇಲೆ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡದ ಕಾರಣ ಅವು ಬಲಿಯಲಿ ಅಂತ ಬಿಡುತ್ತಾರೆ. ನನಗೆ ಅತಿ ಕಷ್ಟವಾದದ್ದು ಈ ತಿಂಗಳು. ಒಳಗೆ ಹುಳು ಇದೆ ಅಂತ ಗೊತ್ತಿದ್ದೂ ಏನೂ ಮಾಡದೆ ಕೂರುವುದು ಅಂದರೆ ಸಾಮಾನ್ಯವೇ?

ಮೊದಲ ಇಂಜೆಕ್ಷನ್ 60ನೇ ದಿನದ ಸುಮಾರಿಗೆ. ಔಷಧಿಯ ಹೆಸರು ಮೆಲಾರ್ಸೊಮೈನ್, ಆರ್ಸೆನಿಕ್ ಜಾತಿಯದು, ಬೆನ್ನಿನ ಕೆಳಭಾಗದ ಮಾಂಸಖಂಡಕ್ಕೆ ಆಳವಾಗಿ ಚುಚ್ಚುತ್ತಾರೆ. ಅದಾಗಿ ಒಂದು ತಿಂಗಳಿಗೆ ಎರಡನೆಯದು, ಮಾರನೆಯ ದಿನವೇ ಮೂರನೆಯದು. ಒಂದೇ ಸಲಕ್ಕೆ ಎಲ್ಲ ಹುಳು ಸತ್ತರೆ ಶ್ವಾಸಕೋಶ ತಡೆದುಕೊಳ್ಳದು, ಅದಕ್ಕೇ ಕಂತುಕಂತಾಗಿ ಕೊಲ್ಲುವುದು. ಮೂರೂ ಮುಗಿದರೆ ಸುಮಾರು 98 ಶೇಕಡಾ ಹುಳುಗಳು ಸಾಯುತ್ತವೆ. ಹುಳುಗಳು ರಾಶಿಯಾಗಿ ಹೃದಯಕ್ಕೇ ನುಗ್ಗಿ ನಾಯಿ ಕುಸಿದುಬಿದ್ದರೆ ಆಗ ದಾರಿಯೇ ಬೇರೆ, ಕುತ್ತಿಗೆಯ ರಕ್ತನಾಳದ ಮೂಲಕ ಉಪಕರಣ ತೂರಿಸಿ ಹುಳುಗಳನ್ನು ಹಿಡಿದೆಳೆಯುತ್ತಾರೆ. ನಮಗೆ ಆ ಗತಿ ಬರಲಿಲ್ಲ.

ಇಂಜೆಕ್ಷನ್ನಾದ ದಿನ ಕೆಂಚ ಕೂರಲಾರದೆ ನಿಲ್ಲಲಾರದೆ ಒದ್ದಾಡಿದ. ಬೆನ್ನು ಗೂನು ಮಾಡಿಕೊಂಡು ಗೋಡೆಗೆ ಮುಖ ಹಾಕಿ ನಿಂತುಬಿಡುತ್ತಿದ್ದ. ಮುಟ್ಟಲು ಹೋದರೆ ಹಲ್ಲು ತೋರಿಸುತ್ತಿರಲಿಲ್ಲ, ಕೈಯನ್ನು ಮೆಲ್ಲಗೆ ಮೂತಿಯಿಂದ ಪಕ್ಕಕ್ಕೆ ಸರಿಸುತ್ತಿದ್ದ, ಅಷ್ಟೇ. ನೋವಿನ ಔಷಧಿ ಬರೆದುಕೊಟ್ಟಿದ್ದರು, ಒಂದೆರಡು ದಿನದಲ್ಲಿ ಇಳಿಯಿತು. ನಿಮ್ಮ ಡಾಕ್ಟರ್ ಅದನ್ನು ಹೇಳದಿದ್ದರೆ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಇನ್ನು ಸುಮ್ಮನೆ ಇರಿಸುವುದು ಹೇಗೆ ಅನ್ನುವುದು. ನಾಯಿಗೆ ಹೇಳಿ ಅರ್ಥ ಮಾಡಿಸಲಾಗದು, ಮನೆಯನ್ನೇ ಬದಲಾಯಿಸಬೇಕು. ನಾವು ಕಾಲಿಂಗ್ ಬೆಲ್ಲಿನ ವೈರ್ ಕಿತ್ತಿಟ್ಟೆವು, ಅದು ಬಡಿದರೆ ಅವನು ಬಾಗಿಲಿಗೆ ಬಾಣದಂತೆ ಹೋಗುತ್ತಿದ್ದ. ರಸ್ತೆ ಕಾಣುವ ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದೆವು. ಮನೆಯೊಳಗೂ ಅವನಿಗೆ ಬೆಲ್ಟ್ ಹಾಕಿ ಅದರ ಇನ್ನೊಂದು ತುದಿಯನ್ನು ನಮ್ಮಲ್ಲೊಬ್ಬರ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆವು. ಬಂದವರಿಗೆ ಮೊದಲೇ ಹೇಳುತ್ತಿದ್ದೆವು: ಒಳಗೆ ಬಂದು ಅವನ ಕಡೆ ನೋಡಬೇಡಿ, ಮಾತಾಡಿಸಬೇಡಿ, ಅವನು ಮಲಗಿದ ಮೇಲೆ ಬೇಕಾದರೆ ಪಕ್ಕದಲ್ಲಿ ಕೂರಿ. ಇದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದರು. ಮಾಡಿಕೊಳ್ಳಲಿ.

ಕಾಲಿಗೆ ಕೆಲಸವಿಲ್ಲದ ಮೇಲೆ ಮೂಗಿಗಾದರೂ ಕೊಡಬೇಕು. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಅವನ ಊಟದ ಕಾಳುಗಳನ್ನೇ ಉದುರಿಸಿ ಸುರುಳಿ ಸುತ್ತಿ ಕೊಟ್ಟರೆ ಮಲಗಿದಲ್ಲೇ ಮೂಸಿ, ಮೂತಿಯಿಂದ ಬಿಡಿಸಿ, ಒಂದೊಂದೇ ಹುಡುಕಿ ತಿನ್ನುತ್ತಿದ್ದ. ಹತ್ತು ನಿಮಿಷ ಹೀಗೆ ಮೂಸಿದರೆ ಸುಸ್ತಾಗಿ ನಿದ್ದೆ ಹೊಡೆಯುತ್ತಿದ್ದ. ಇದು ಸಾಲದ ನಾಯಿಗಳೂ ಇರುತ್ತವೆ. ಅಂಥವಕ್ಕೆ ಮಂಪರು ಬರಿಸುವ ಮಾತ್ರೆಯನ್ನು ಡಾಕ್ಟರೇ ಕೊಡುತ್ತಾರೆ, ಅದನ್ನು ಸೋಲು ಅಂತ ತಿಳಿಯುವುದು ನನ್ನ ಪ್ರಕಾರ ಮೂರ್ಖತನ.

ಸ್ಟಿರಾಯ್ಡ್ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಶ್ವಾಸಕೋಶದ ಉರಿಯೂತ ತಗ್ಗಿಸಲು ಪ್ರೆಡ್ನಿಸೋನ್ ಕೊಟ್ಟು ವಾರವಾರವೂ ಇಳಿಸುತ್ತಾ ಬರುತ್ತಾರೆ. ಅದು ಹೊಟ್ಟೆ ಸೇರಿದ ಮೇಲೆ ನಾಯಿಗೆ ತೀರದ ಹಸಿವು, ತೀರದ ಬಾಯಾರಿಕೆ. ಕೆಂಚ ಖಾಲಿ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಅದನ್ನು ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ತಳ್ಳಿಕೊಂಡು ಹೋಗುತ್ತಿದ್ದ. ಬೋಗುಣಿ ನೀರು ಕುಡಿದು ನಡುರಾತ್ರಿ ಎಬ್ಬಿಸುತ್ತಿದ್ದ, ಉಚ್ಚೆಗೆ ಹೊರಗೆ ಹೋಗುವಾಗಲೂ ಬೆಲ್ಟ್ ಬಿಡುವಂತಿಲ್ಲ. ಮನೆಯೊಳಗೆ ಮಾಡಿಕೊಂಡರೆ ಬೈಯಬೇಡಿ, ಅದು ಔಷಧಿಯ ಕೆಲಸ. ನೀರು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ.

ರಾತ್ರಿ ಇನ್ನೊಂದು ಅಭ್ಯಾಸವಾಯಿತು, ಉಸಿರು ಎಣಿಸುವುದು. ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ನಿಮಿಷಕ್ಕೆ 30ರ ಒಳಗಿದ್ದರೆ ನಿಶ್ಚಿಂತೆ. ಕನಸು ಬಿದ್ದು ಕಾಲು ಅದುರಿಸುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಮುಗಿಯುವವರೆಗೆ ಕಾಯಬೇಕು. ಲೆಕ್ಕ ದಿನದಿನಕ್ಕೆ ಏರುತ್ತಿದ್ದರೆ, ಕೆಮ್ಮು ಹೆಚ್ಚಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ.

ಇಷ್ಟೆಲ್ಲ ಯಾಕೆ, ಮೆತ್ತಗಿನ ದಾರಿ ಇಲ್ಲವೇ ಅಂತಲೂ ಕೇಳುತ್ತಾರೆ. ಇದೆ. ಇಂಜೆಕ್ಷನ್ ಸಿಗದ ಕಡೆ, ಅಥವಾ ಅದನ್ನು ತಡೆದುಕೊಳ್ಳಲಾರದ ನಾಯಿಗಳಿಗೆ, ಡಾಕ್ಸಿಸೈಕ್ಲಿನ್ ಜೊತೆ ತಿಂಗಳು ತಿಂಗಳೂ ಮಾಕ್ಸಿಡೆಕ್ಟಿನ್ ಅನ್ನುವ ಮುಂಜಾಗ್ರತೆಯ ಔಷಧಿ ಕೊಡುತ್ತಾರೆ. ಅದರಲ್ಲಿ ಹುಳುಗಳು ನಿಧಾನಕ್ಕೆ ಸಾಯುತ್ತವೆ, ವರ್ಷವೂ ಹಿಡಿಯಬಹುದು, ಅಲ್ಲಿಯವರೆಗೂ ನಾಳಗಳು ಸವೆಯುತ್ತಲೇ ಇರುತ್ತವೆ. ಓಟಕ್ಕೆ ಕಡಿವಾಣವೂ ಅಷ್ಟು ಕಾಲ ಇರಬೇಕು. ಆದ್ದರಿಂದ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅದು. ಗಿಡಮೂಲಿಕೆ, ಬೆಳ್ಳುಳ್ಳಿ ಅಂತ ಸಲಹೆ ಕೊಡುವವರಿಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಬೆಳ್ಳುಳ್ಳಿಯಂತೂ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಮಕ್ಕಳಿಗೆ ಅಂಟುತ್ತದಾ? ನಾಯಿಯಿಂದ ನೇರವಾಗಿ ಯಾರಿಗೂ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕೇಬೇಕು. ಮನುಷ್ಯರ ಮೈಯಲ್ಲಿ ಈ ಹುಳು ಸಾಧಾರಣವಾಗಿ ಬಲಿಯುವುದೂ ಇಲ್ಲ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಅದಕ್ಕೆ ಪರೀಕ್ಷೆ ಮಾಡಿಸಿ.

ಯಾವಾಗ ಬಂತು, ಯಾರ ತಪ್ಪು ಅನ್ನುವ ವಿಚಾರಣೆಯನ್ನು ನಮ್ಮ ಮನೆಯಲ್ಲಿ ನಾವು ಬೇಗ ಕೈಬಿಟ್ಟೆವು. ಕೆಂಚ ನಮ್ಮ ಹತ್ತಿರ ಬಂದದ್ದೇ ಬೆಳೆದ ನಾಯಿಯಾಗಿ. ಯಾವ ಸೊಳ್ಳೆ, ಯಾವ ಸಂಜೆ, ಯಾರಿಗೆ ಗೊತ್ತು. ಆ ಚಿಂತೆಗೆ ಹಾಕುವ ಶಕ್ತಿಯೂ ಬೇಕಾಗಿತ್ತು, ಬೆಲ್ಟ್ ಹಿಡಿಯುವುದಕ್ಕೆ.

ಕೊನೆಯ ಇಂಜೆಕ್ಷನ್ ಆಗಿ ಆರರಿಂದ ಎಂಟು ವಾರ ಇದೇ ಶಿಸ್ತು. ಆಮೇಲೂ ಒಮ್ಮೆಲೇ ಮೈದಾನಕ್ಕೆ ಬಿಡುವುದಲ್ಲ. ಮೊದಲು ಐದು ನಿಮಿಷದ ನಡಿಗೆ, ಕೆಮ್ಮಿಲ್ಲ ಅಂತಾದರೆ ಹತ್ತು, ಹೀಗೆ. ಹುಳು ಪೂರ್ತಿ ಹೋಗಿದೆಯಾ ಅಂತ ತಿಳಿಯುವ ರಕ್ತಪರೀಕ್ಷೆ ಒಂಬತ್ತು ತಿಂಗಳ ನಂತರ. ಅದಕ್ಕೂ ಮುಂಚೆ ಮಾಡಿಸಿದರೆ ಸತ್ತ ಹುಳುಗಳ ಅಂಶವೇ ಪಾಸಿಟಿವ್ ತೋರಿಸಿ ಸುಮ್ಮನೆ ಎದೆ ಒಡೆಯಬಹುದು. ನೆಗೆಟಿವ್ ಬಂದರೂ ಒಮ್ಮೆ ಬಂದುಹೋದ ಕಾಯಿಲೆ ಅಂತ ಮೈಮರೆಯುವಂತಿಲ್ಲ, ಸೋಂಕಿರುವ ಸೊಳ್ಳೆ ಕಚ್ಚಿದರೆ ಮತ್ತೆ ಬರಬಹುದು. ತಿಂಗಳಿಗೊಂದು ಮಾತ್ರೆ ಜೀವನಪೂರ್ತಿ. ಆ ಮಾತ್ರೆಗಳ ಪೈಕಿ ಹಳೆಯದು ಐವರ್‌ಮೆಕ್ಟಿನ್. ಅದು ಹುಟ್ಟಿದ್ದು ಯಾವ ಸಂಶೋಧನೆಯಿಂದಲೋ, ಅದನ್ನು ಮಾಡಿದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಮನುಷ್ಯರ ಕಾಯಿಲೆಗಳಿಗಾಗಿ ಕೊಟ್ಟ ಪ್ರಶಸ್ತಿ ಅದು, ನಾಯಿ ಸಾಕಿದವರ ಕಡೆಯಿಂದ ನನ್ನದೂ ಒಂದು ನಮಸ್ಕಾರ ಸೇರಲಿ. ಆದರೆ ಪರೀಕ್ಷೆ ಮಾಡಿಸದೆ ನೀವೇ ತಂದು ಕೊಡಬೇಡಿ. ರಕ್ತದಲ್ಲಿ ಮರಿಹುಳುಗಳು ತುಂಬಿರುವ ನಾಯಿಗೆ ಕೊಟ್ಟು ಅವೆಲ್ಲ ಒಟ್ಟಿಗೆ ಸತ್ತರೆ ನಾಯಿ ಶಾಕ್‌ಗೆ ಹೋಗಬಹುದು. ಕಾಲಿ (Collie) ತಳಿಯ ಕೆಲವು ನಾಯಿಗಳಿಗೆ ಡೋಸ್ ಹೆಚ್ಚಾದರೆ ಮೆದುಳಿಗೇ ತೊಂದರೆ. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ, ಎರಡೂ ಡಾಕ್ಟರ್ ಹೇಳಿದಂತೆ.