ರೀಲ್ಸ್‌ನಲ್ಲಿ ಪೂರ್ತಿ ಸಿಗದ ಹಿಪ್‌ಹಾಪ್

ಹಿಪ್‌ಹಾಪ್‌ನಲ್ಲಿ ನನ್ನನ್ನು ಮೊದಲು ಹಿಡಿದದ್ದು ತಾಳ. ಮಾತು, ಅಂದರೆ ತಾಳಕ್ಕೆ ಸರಿಯಾಗಿ ಪ್ರಾಸ ಕಟ್ಟಿ ಹೇಳುವ ರ‍್ಯಾಪ್, ಆಮೇಲೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿಯ ಪಾರ್ಟಿಗೆ ಹಾಡು ಹಾಕಿದ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಜನ ಅದನ್ನೇ ನೆನೆಯುತ್ತಾರೆ. ಹಾಡಿನ ನಡುವೆ ಬರೀ ಡ್ರಮ್ಸ್ ಬರುವ ತುಣುಕಿಗೇ ಕುಣಿಯುವವರು ಕಾಯುತ್ತಿದ್ದರು. ಅವನು ಅದನ್ನು ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ತುಣುಕು ಮುಗಿದ ಕೂಡಲೇ ಇನ್ನೊಂದರಲ್ಲಿ ಶುರು ಮಾಡಿ ಅದನ್ನು ಉದ್ದ ಮಾಡಿದ. ಎಂಥಾ ತಲೆ! ಮಂಗಳೂರು ದಸರಾದಲ್ಲಿ ತಾಸೆ ಪೆಟ್ಟು ಬಿದ್ದರೆ ಹುಲಿವೇಷದವರ ಕಾಲು ನಿಲ್ಲುವುದಿಲ್ಲ, ಅಲ್ವಾ? ಅದೇ ಜೋಶ್ ಇಲ್ಲೂ ಇದೆ.

2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ಬಂದ್ ಆಯಿತು, ಜುಲೈಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಅದರಲ್ಲಿ ಹಾಡಿನ ತುಣುಕಷ್ಟೇ ಕೇಳುವ ನನ್ನ ತಮ್ಮನಿಗೆ ಈಗ ಎಲ್ಲ ರ‍್ಯಾಪ್ ಹಾಡಿನ ಹುಕ್ (ಮತ್ತೆ ಮತ್ತೆ ಬರುವ, ಬಾಯಲ್ಲೇ ಉಳಿಯುವ ಸಾಲು) ಬಾಯಿಪಾಠ. ಮುಂದಿನ ಸಾಲು ಕೇಳಿದರೆ ಗೊತ್ತಿಲ್ಲ. ಇದು ನನಗೆ ನಿಜಕ್ಕೂ ಬೇಜಾರು. ರ‍್ಯಾಪರ್ ತನ್ನ ಬೀದಿಯ, ಮನೆಯ ಕಥೆ ಹೇಳುವುದು ಆ ಉಳಿದ ಸಾಲುಗಳಲ್ಲೇ. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಾಮಾರ್‌ಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದೂ ಇಡೀ ‘ಡ್ಯಾಮ್’ ಆಲ್ಬಮ್‌ಗೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಂಡಿನಲ್ಲಿ ಉಡುಪಿ ಬಸ್ ಹತ್ತಿದರೆ ಆ ಆಲ್ಬಮ್ ದಾರಿಯಲ್ಲೇ ಮುಗಿಯುತ್ತದೆ. ಮೊದಲ ಹಾಡಿನಿಂದಲೇ ಕೇಳು ಅಂತ ತಮ್ಮನಿಗೆ ಹೇಳಿದ್ದೇನೆ.