ಬೆಸೆದ ಕೈ ಹೇಗಿರುತ್ತದೆ ಎಂದು ಒಂದು ದಿನ

ಮಣಿಕಟ್ಟಿನ ಆಪರೇಷನ್ ಮಾಡಿಸಲೋ ಬೇಡವೋ ಎಂದು ಕೇಳಿದರೆ ದಾವಣಗೆರೆಯಲ್ಲಿ ಸಲಹೆಗೆ ಬರವಿಲ್ಲ. ಮಂಡಿಪೇಟೆಯ ಅಂಗಡಿಯಿಂದ ಹಿಡಿದು ನಮ್ಮ ಶಾಲೆಯ ಸ್ಟಾಫ್ ರೂಮಿನವರೆಗೆ ಎಲ್ಲರ ಬಳಿಯೂ ಯಾರೋ ನೆಂಟರ ಕೈಯ ಕಥೆ ಇರುತ್ತದೆ. ‘ಕತ್ತರಿ ಬಿದ್ದ ಕೈ ಮೊದಲಿನಂತಾಗುವುದಿಲ್ಲ’ ಎಂಬುದು ಬಹುಮತದ ತೀರ್ಪು. ಈಗಲೂ ಮೊದಲಿನಂತಿಲ್ಲವಲ್ಲ ಎಂದರೆ ಮಾತು ಬದಲಾಯಿಸುತ್ತಾರೆ.

ಪಿ.ಬಿ. ರಸ್ತೆಯಲ್ಲಿ ಸ್ಕೂಟರ್ ಜಾರಿ ಬಲಗೈ ಊರಿ ಬಿದ್ದಿದ್ದೆ. ಮೂಳೆ ಮುರಿದಿಲ್ಲ, ಬರೀ ಉಳುಕು ಎಂದು ಕಳುಹಿಸಿದರು. ಮೂಳೆಗೆ ಮೂಳೆ ಕಟ್ಟಿಡುವ ಲಿಗಮೆಂಟ್ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಎರಡರ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಟ್ಟಿರುವುದು, ಎಷ್ಟೋ ತಿಂಗಳ ನಂತರ ಮುಷ್ಟಿ ಬಿಗಿಹಿಡಿಸಿ ತೆಗೆದಾಗ ಗೊತ್ತಾಯಿತು. ಅವನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಅದನ್ನು ನೇರವಾಗಿ ಹೊಲಿಯುವ ಕಾಲ ಅಷ್ಟರಲ್ಲಿ ಮೀರಿತ್ತು. ಉಳಿದದ್ದು ಎರಡು: ಮುಂದೋಳಿನ ಸ್ನಾಯುರಜ್ಜುವಿನ ಎಳೆಯೊಂದನ್ನು ತೆಗೆದು ಆ ಮೂಳೆಗಳನ್ನು ಬಿಗಿಯುವುದು, ಇಲ್ಲವೇ ನೋವಿನಲ್ಲೇ ದಿನ ದೂಡಿ, ಕೀಲು ಸವೆದ ಮೇಲೆ ಮಣಿಕಟ್ಟನ್ನು ಬೆಸೆಯುವುದು, ಅಂದರೆ ಅದು ಬಾಗದಂತೆ ಮೂಳೆಗಳನ್ನು ಒಂದಾಗಿಸುವುದು. ಎಳೆ ಹಾಕಿ ಬಿಗಿದರೂ ಕೈ ಪೂರ್ತಿ ಬಾಗುವುದಿಲ್ಲ, ನೋವು ಪೂರ್ತಿ ಹೋಗುವ ಖಾತರಿಯೂ ಇಲ್ಲ.

ನನ್ನ ಹೊಯ್ದಾಟ ನೋಡಿ ವೈದ್ಯರು ಮಣಿಕಟ್ಟು ಅಲುಗದಂತೆ ಹಿಡಿಯುವ ಗಟ್ಟಿ ಪಟ್ಟಿ, ಸ್ಪ್ಲಿಂಟ್ ಒಂದನ್ನು ಕಟ್ಟಿದರು. “ಮೇಡಂ, ನಾಳೆ ಇದರಲ್ಲೇ ಎಲ್ಲ ಕೆಲಸ ಮಾಡಿ ನೋಡಿ. ಬೆಸೆದ ಕೈ ಹೆಚ್ಚುಕಡಿಮೆ ಹೀಗೇ ಇರುತ್ತದೆ.”

ಜಡೆ ಹೆಣೆಯಲಾಗಲಿಲ್ಲ, ಮಗಳು ಹೆಣೆದಳು. ಬೀಗದ ಕೈ ಸಲೀಸಾಗಿ ತಿರುಗಿತು. ತರಗತಿಯಲ್ಲಿ ಸಮೀಕರಣಗಳು ದೊಡ್ಡ ದೊಡ್ಡದಾಗಿ ಬಿದ್ದವು, ಆದರೆ ಬೋರ್ಡ್ ತುಂಬಿದರೂ ನೋವು ಎಂದಿನ ಅರ್ಧವೂ ಇರಲಿಲ್ಲ. ಇಷ್ಟೇ ತಾನೇ ಎನಿಸಿತು.

ಸಂಜೆ ಜೋಳದ ರೊಟ್ಟಿಗೆ ಕುಳಿತೆ. ಹಿಟ್ಟು ನಾದಲು ಅಂಗೈಯ ಬುಡ ಊರಬೇಕು, ಮಣಿಕಟ್ಟು ಹಿಂದಕ್ಕೆ ಮಡಿಯದೆ ಅದು ಆಗದು. ಬೆರಳಲ್ಲೇ ಹಿಸುಕಿದೆ. ತಟ್ಟುವಾಗ ರೊಟ್ಟಿ ತಿರುಗದೆ ಒಂದು ಅಂಚು ಹರಿಯಿತು, ಇನ್ನೊಂದು ದಪ್ಪಗೆ ಉಳಿಯಿತು. ವೆಲ್ಕ್ರೋ ಪಟ್ಟಿಯೊಳಗೆಲ್ಲ ಹಸಿ ಹಿಟ್ಟು. “ಬಿಡಮ್ಮ, ಅಂಗಡಿಯಿಂದ ತರಿಸೋಣ” ಎಂದರು ಅತ್ತೆ. ಹೊರಗಿನ ರೊಟ್ಟಿ ಮುಟ್ಟದ ಅತ್ತೆ!

ಬೆಸೆದ ಕೈಯಲ್ಲೂ ಬದುಕಬಹುದು, ನಾನು ಹೆದರಿದಷ್ಟು ಭೀಕರವಲ್ಲ. ಹಾಗೆಂದೇ ಅದನ್ನು ಕೊನೆಗೆ ಇಟ್ಟುಕೊಂಡೆ. ಎಳೆ ಹಾಕಿ ಬಿಗಿದದ್ದು ಸಡಿಲವಾದರೆ ಬೆಸೆಯುವ ದಾರಿ ಆಗಲೂ ಇರುತ್ತದೆ. ಬೆಸೆದ ಮೇಲೆ ಹಿಂದಿರುಗುವ ದಾರಿ ಇಲ್ಲ. ಮೃದ್ವಸ್ಥಿ ಇನ್ನೂ ಸವೆದಿಲ್ಲ ಎಂದು ಎಂಆರ್‌ಐ ತೋರಿಸಿದೆ. ಸವೆದರೆ ಈ ಅವಕಾಶವೂ ತಪ್ಪುತ್ತದೆ.

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಮುಗಿದ ವಾರವೇ ಆಪರೇಷನ್ ಎಂದು ಹೇಳಿ ಬಂದೆ. ಆಮೇಲೆ ಕೆಲವು ವಾರ ಮೂಳೆಗಳನ್ನು ಹಿಡಿದಿಡಲು ಒಳಗೆ ತಂತಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ. ಶಾಲೆ ತೆರೆಯುವ ಹೊತ್ತಿಗೆ ಬಲಗೈ ಸಿದ್ಧವಿರುವುದಿಲ್ಲ. ಈಗಿನಿಂದಲೇ ಎಡಗೈಯಲ್ಲಿ ಬೋರ್ಡ್ ಬರೆಯುತ್ತಿದ್ದೇನೆ, ಹತ್ತನೇ ತರಗತಿಯ ಹುಡುಗರು ನನ್ನ ವರ್ಗಮೂಲದ ಚಿಹ್ನೆ ಕಂಡು ಧಾರಾಳವಾಗಿ ನಗುತ್ತಿದ್ದಾರೆ.