ಆಗಸ್ಟ್ 15ರಲ್ಲೇ ಏನೋ ಇದೆ, ಅಲ್ವಾ?

ನಾನು ಹುಟ್ಟಿದ್ದು ಆಗಸ್ಟ್ 15ಕ್ಕೆ. ಇದು ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ನಿಜವಾಗ್ಲೂ ಅವತ್ತೇ ಹುಟ್ಟಿದ್ದಾ, ಇಲ್ಲ ಮೇಷ್ಟ್ರು ಬರೆಸಿದ್ದಾ?" ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ಹಿಂದಿನ ತಲೆಮಾರಿನ ಎಷ್ಟೋ ಜನ ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿದ್ದಾರೆ. ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲಿ ಎಂದು ಮೇಷ್ಟ್ರು ಆ ತಾರೀಖು ಹಾಕಿಬಿಡುತ್ತಿದ್ದರು. ಮೇ 31 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ ನಡೆಯುವುದು ಅದಕ್ಕೇ. ನನ್ನದು ಹಾಗಲ್ಲ, ಆಸ್ಪತ್ರೆಯ ಚೀಟಿ ಇದೆ.

ಎರಡನೆಯ ಪ್ರಶ್ನೆಗೆ ಮಾತ್ರ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. "ಆ ದಿನದಲ್ಲೇ ಏನೋ ಇದೆ ಅಲ್ವಾ? ಅರವಿಂದರು, ಸಂಗೊಳ್ಳಿ ರಾಯಣ್ಣ, ನೆಪೋಲಿಯನ್... ಎಲ್ಲರೂ ಸುಮ್ನೆ ಒಂದೇ ದಿನ ಹುಟ್ತಾರಾ?" ಪ್ರತಿ ಆಗಸ್ಟಿನಲ್ಲೂ ವಾಟ್ಸಾಪ್‌ಗೆ ಈ ಪಟ್ಟಿ ಬರುತ್ತದೆ. ಒಂದು ಸಲ ವಿವರವಾಗಿ ಬರೆದಿಟ್ಟರೆ ಮುಂದೆ ಲಿಂಕ್ ಕಳಿಸಿ ಸುಮ್ಮನಿರಬಹುದು ಅನ್ನಿಸಿತು.

ನನ್ನ ಉತ್ತರ ಇಷ್ಟು. ಹುಟ್ಟಿದವರ ಪಟ್ಟಿಯಲ್ಲಿ ಏನೂ ಇಲ್ಲ, ಅದು ಬರೀ ಕಾಕತಾಳೀಯ. ಘಟನೆಗಳ ಪಟ್ಟಿಯ ಕಥೆ ಬೇರೆ. ಅದರಲ್ಲಿ ಸುಮಾರು ಸಂಗತಿಗಳನ್ನು ಯಾರೋ ಬೇಕೆಂದೇ ತಂದು ಆ ದಿನಕ್ಕೆ ಇಟ್ಟಿದ್ದಾರೆ.

ಮೊದಲು ಹುಟ್ಟಿದವರು. ನೆಪೋಲಿಯನ್ 1769ರಲ್ಲಿ, ಶ್ರೀ ಅರವಿಂದರು 1872ರಲ್ಲಿ. ನಮ್ಮ ಸಿನಿಮಾದವರಲ್ಲಿ ರಾಘವೇಂದ್ರ ರಾಜ್‌ಕುಮಾರ್, ಅರ್ಜುನ್ ಸರ್ಜಾ, ‘ಬಂಧನ’ದ ಸುಹಾಸಿನಿ. ಕ್ರಿಕೆಟ್ಟಿನಲ್ಲಿ ಬೆಂಗಳೂರಿನ ವಿಜಯ್ ಭಾರದ್ವಾಜ್. ಪಟ್ಟಿ ಜೋರಾಗಿಯೇ ಇದೆ. ಆದರೆ ಏಪ್ರಿಲ್ 24 ನೋಡಿ. 1929ರಲ್ಲಿ ಡಾ. ರಾಜ್‌ಕುಮಾರ್, 1973ರಲ್ಲಿ ಸಚಿನ್ ತೆಂಡೂಲ್ಕರ್. ಅಕ್ಟೋಬರ್ 2 ಗಾಂಧೀಜಿಗೂ ಶಾಸ್ತ್ರಿಯವರಿಗೂ ಸೇರಿದ್ದು. ಡಾರ್ವಿನ್ ಮತ್ತು ಅಬ್ರಹಾಂ ಲಿಂಕನ್ ಅಂತೂ ಒಂದೇ ವರ್ಷದ ಒಂದೇ ದಿನ ಹುಟ್ಟಿದವರು, 1809ರ ಫೆಬ್ರುವರಿ 12. ಯಾವ ತಾರೀಖು ಕೆದಕಿದರೂ ನಾಲ್ಕು ದೊಡ್ಡ ಹೆಸರು ಸಿಕ್ಕೇ ಸಿಗುತ್ತವೆ. ಒಂದು ಕೋಣೆಯಲ್ಲಿ 23 ಜನ ಸೇರಿದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಇದು ಬರೀ ಲೆಕ್ಕ, ಪವಾಡ ಅಲ್ಲ.

ಈಗ ಘಟನೆಗಳು. ಎಲ್ಲಕ್ಕಿಂತ ದೊಡ್ಡದು 1947. ಅದೇ ದಿನ ಯಾಕೆ? ಬ್ರಿಟನ್ನಿನ ಪ್ರಧಾನಿ ಅಟ್ಲಿ 1947ರ ಫೆಬ್ರುವರಿಯಲ್ಲಿ ಹೇಳಿದ್ದು 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಎಂದು. ಮೌಂಟ್‌ಬ್ಯಾಟನ್ ಬಂದವನೇ ಅದನ್ನು ಹಿಂದಕ್ಕೆಳೆದ. ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ಆಗಸ್ಟ್ 15 ಎಂದುಬಿಟ್ಟ. ಅದು ಜಪಾನ್ ಶರಣಾದ ದಿನ, ಅದಕ್ಕೇ ಆರಿಸಿದೆ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಯುದ್ಧದ ಕಾಲದಲ್ಲಿ ಅವನು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕ. ತಾನು ಗೆದ್ದ ದಿನ ಅವನಿಗೆ ಪ್ರೀತಿಯ ದಿನ, ಅಷ್ಟೇ.

1945ರ ಆಗಸ್ಟ್ 15ರ ಮಧ್ಯಾಹ್ನ 12ಕ್ಕೆ ಜಪಾನಿನ ರೇಡಿಯೋದಲ್ಲಿ ಹಿರೋಹಿಟೋ ಮಾತು ಕೇಳಿಬಂತು. ಹಿಂದಿನ ರಾತ್ರಿಯೇ ಧ್ವನಿಮುದ್ರಿಕೆ ಮಾಡಿಟ್ಟಿದ್ದರು. ಚಕ್ರವರ್ತಿಯ ದನಿಯನ್ನು ಅಲ್ಲಿನ ಜನ ಮೊದಲ ಬಾರಿಗೆ ಕೇಳಿದ್ದು ಆವತ್ತೇ. ಆ ಒಂದು ಪ್ರಸಾರದಿಂದ ಎಷ್ಟು ದೇಶಗಳ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಬಿತ್ತು ನೋಡಿ. ಕೊರಿಯಾ ಜಪಾನಿನ ಹಿಡಿತದಿಂದ ಬಿಡುಗಡೆಯಾಯಿತು, ಉತ್ತರ ದಕ್ಷಿಣ ಎರಡೂ ಕಡೆ ಇವತ್ತಿಗೂ ಅದೇ ದಿನ ರಜೆ. ದಕ್ಷಿಣ ಕೊರಿಯಾ ಗಣರಾಜ್ಯ ಘೋಷಣೆಯಾದದ್ದು 1948ರ ಆಗಸ್ಟ್ 15ಕ್ಕೆ. ನಮಗೂ ಕೊರಿಯಾಕ್ಕೂ ಒಂದೇ ದಿನ ಬಂದದ್ದು ಕಾಕತಾಳೀಯ ಅಲ್ಲವೇ ಅಲ್ಲ. ಎರಡರ ಬೇರೂ ಒಂದೇ.

ಇದರಲ್ಲೂ ಒಂದು ತಮಾಷೆ ಇದೆ. ಟೋಕಿಯೋದಲ್ಲಿ 15 ಆಗಿದ್ದಾಗ ವಾಷಿಂಗ್ಟನ್‌ನಲ್ಲಿ ಇನ್ನೂ 14. ಅಮೆರಿಕದ ಅಧ್ಯಕ್ಷ ಟ್ರೂಮನ್ ಸುದ್ದಿ ಹೇಳಿದ್ದು 14ರ ಸಂಜೆ. ಶರಣಾಗತಿಯ ಕಾಗದಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 2ಕ್ಕೆ. ಮೌಂಟ್‌ಬ್ಯಾಟನ್ ಅಮೆರಿಕದ ಲೆಕ್ಕ ಹಿಡಿದಿದ್ದರೆ ನಾವು ಬೇರೆ ದಿನ ಧ್ವಜ ಹಾರಿಸುತ್ತಿದ್ದೆವು. ನನ್ನನ್ನು ಯಾರೂ ಈ ಪ್ರಶ್ನೆ ಕೇಳುತ್ತಲೂ ಇರಲಿಲ್ಲ.

ತಾರೀಖು ಗೊತ್ತಾದಾಗ ಗೋಳಾಡಿದವರು ಜ್ಯೋತಿಷಿಗಳು. ಆ ದಿನ ಒಳ್ಳೆಯದಲ್ಲ ಎಂದು ಹಟ ಹಿಡಿದರು. ಕೊನೆಗೆ ಸಿಕ್ಕ ದಾರಿ ನಡುರಾತ್ರಿ. ಇಂಗ್ಲಿಷರ ಲೆಕ್ಕದಲ್ಲಿ 12 ಹೊಡೆದರೆ 15 ಶುರು. ನಮ್ಮ ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ, ಅಲ್ಲಿಯವರೆಗೆ 14ರ ಲೆಕ್ಕವೇ. ಹೀಗೆ ಇಬ್ಬರ ಮಾತೂ ಉಳಿಯಿತು. ಅಮ್ಮನ ಕಾಲದವರು ರಾತ್ರಿ ಹುಟ್ಟಿದ ಮಗುವಿನ ಜನ್ಮದಿನ ಹೇಳುವಾಗ ಮಾಡುವ ಗಲಾಟೆಯೂ ಇದೇ ತಾನೆ? ಜಾತಕದಲ್ಲಿ ಒಂದು ವಾರ, ಸರ್ಟಿಫಿಕೇಟಿನಲ್ಲಿ ಇನ್ನೊಂದು.

ಪಾಕಿಸ್ತಾನದ್ದು ಇನ್ನೂ ವಿಚಿತ್ರ. ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಎರಡೂ ದೇಶಗಳಿಗೆ ಇದ್ದದ್ದು ಆಗಸ್ಟ್ 15 ಒಂದೇ. 1948ರಲ್ಲಿ ಅವರು ಹೊರತಂದ ಸ್ವಾತಂತ್ರ್ಯದ ಅಂಚೆಚೀಟಿಯ ಮೇಲೂ 15 ಎಂದೇ ಇದೆ. ಆದರೆ ಮೌಂಟ್‌ಬ್ಯಾಟನ್ ಒಂದೇ ಹೊತ್ತಿಗೆ ಕರಾಚಿಯಲ್ಲೂ ದೆಹಲಿಯಲ್ಲೂ ಇರಲು ಆಗುವುದಿಲ್ಲವಲ್ಲ, ಕರಾಚಿಯ ಸಮಾರಂಭ 14ಕ್ಕೇ ಮುಗಿದಿತ್ತು. ಆಮೇಲೆ ಅವರ ಹಬ್ಬವೂ 14ಕ್ಕೇ ನಿಂತಿತು.

ಅರವಿಂದರು ನನ್ನ ಮಾತು ಒಪ್ಪುತ್ತಿರಲಿಲ್ಲ. ತಿರುಚಿರಾಪಳ್ಳಿಯ ಆಕಾಶವಾಣಿಗೆ ಕೊಟ್ಟ ಸಂದೇಶದಲ್ಲಿ ಅವರು ತಮ್ಮ 75ನೇ ಹುಟ್ಟುಹಬ್ಬದ ದಿನವೇ ಸ್ವಾತಂತ್ರ್ಯ ಬಂದದ್ದನ್ನು ಆಕಸ್ಮಿಕ ಎಂದು ತಿಳಿಯಲಿಲ್ಲ. ತಮ್ಮ ಕೆಲಸಕ್ಕೆ ಬಿದ್ದ ದೈವದ ಮುದ್ರೆ ಎಂದೇ ತಿಳಿದರು. ಅಷ್ಟು ದೊಡ್ಡವರ ಜೊತೆ ವಾದ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಆ ಸಂದೇಶ ಕೊಟ್ಟಾಗ ಅವರಿದ್ದ ಪಾಂಡಿಚೇರಿ ಇನ್ನೂ ಫ್ರೆಂಚರ ಕೈಯಲ್ಲೇ ಇತ್ತು. ಆಡಳಿತ ನಮಗೆ ಬಂದದ್ದು 1954ರ ನವೆಂಬರ್ 1ಕ್ಕೆ, ಕಾನೂನು ಪ್ರಕಾರ ಪೂರ್ತಿ ಸೇರಿದ್ದು 1962ರ ಆಗಸ್ಟ್ 16ಕ್ಕೆ. ಒಂದು ದಿನ ತಪ್ಪಿತು ನೋಡಿ. ದೈವ ಇಷ್ಟು ಹತ್ತಿರ ಬಂದು ಒಂದು ದಿನಕ್ಕೆ ಜಾರುತ್ತಾ?

ರಾಯಣ್ಣನ ವಿಷಯ ಬಂದರೆ ನಾನೂ ಸ್ವಲ್ಪ ಮೆತ್ತಗಾಗುತ್ತೇನೆ. ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26. ಹುಟ್ಟಿದ ವರ್ಷ 1796 ಅನ್ನುವವರೂ ಇದ್ದಾರೆ, 1798 ಅನ್ನುವವರೂ ಇದ್ದಾರೆ. ಎರಡು ರಾಷ್ಟ್ರೀಯ ಹಬ್ಬಗಳ ನಡುವೆ ಬದುಕು ಕಟ್ಟಿಟ್ಟ ಹಾಗೆ ಕಾಣುತ್ತದೆ. ಬೆಳಗಾವಿ ಕಡೆಯವರು ಇದನ್ನು ಹೇಳುವಾಗ ದನಿಯೇ ಬೇರೆಯಾಗುತ್ತದೆ. ಆದರೂ ಜನವರಿ 26 ಬಂದ ದಾರಿ ನಮಗೆ ಗೊತ್ತು. ಪೂರ್ಣ ಸ್ವರಾಜ್ಯದ ಪ್ರತಿಜ್ಞೆಗೆ ಕಾಂಗ್ರೆಸ್ ಆರಿಸಿದ್ದು 1930ರ ಜನವರಿಯ ಕೊನೆಯ ಭಾನುವಾರ. ಅದು 26ನೇ ತಾರೀಖು. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು, ಆ ಹಳೆಯ ದಿನದ ನೆನಪಿಗೆಂದೇ ಜಾರಿಯನ್ನು ಎರಡು ತಿಂಗಳು ತಡೆದರು. ದೆಹಲಿಯಲ್ಲಿ ದಿನ ಗೊತ್ತುಮಾಡಿದವರಿಗೆ ನಂದಗಡದ ಆಲದ ಮರ ನೆನಪಿತ್ತು ಅಂತ ನನಗನ್ನಿಸುವುದಿಲ್ಲ. ನೆನಪಿದ್ದಿದ್ದರೆ ಚೆನ್ನಾಗಿತ್ತು.

ಒಮ್ಮೆ ಒಂದು ದಿನ ದೊಡ್ಡದಾಯಿತು ಅಂದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಸ್ವಾತಂತ್ರ್ಯದ 25ನೇ ವರ್ಷ, 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಶುರುವಾಯಿತು. ಬೆಂಗಳೂರಿನ 560001ರಲ್ಲಿ ಆ ಮೊದಲ 5 ಇದೆಯಲ್ಲ, ಅದು ನಮಗೂ ಆಂಧ್ರ ತೆಲಂಗಾಣಕ್ಕೂ ಸೇರಿದ ವಲಯದ ಗುರುತು. ಇಸ್ರೋ ಹುಟ್ಟಿದ್ದು 1969ರ ಆಗಸ್ಟ್ 15ಕ್ಕೆ. 1982ರಲ್ಲಿ ಕೆಂಪುಕೋಟೆಯ ಕಾರ್ಯಕ್ರಮ ದೂರದರ್ಶನದಲ್ಲಿ ಬಣ್ಣದಲ್ಲಿ ಬಂತು. 1995ರಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದೂ ಇದೇ ದಿನ. ಹಬ್ಬ ನೋಡಿ ಗೃಹಪ್ರವೇಶ ಇಟ್ಟುಕೊಂಡ ಹಾಗೆ.

ನೆಪೋಲಿಯನ್ ಇನ್ನೂ ಜಾಣ. ಆಗಸ್ಟ್ 15 ಅವನ ನಾಡಿನಲ್ಲಿ ಮೊದಲೇ ಮೇರಿ ಮಾತೆಯ ಹಬ್ಬ. ಚಕ್ರವರ್ತಿಯಾದ ಮೇಲೆ, 1806ರಲ್ಲಿ, ಅದೇ ದಿನಕ್ಕೆ ಸಂತ ನೆಪೋಲಿಯನ್ ಎಂಬವನ ಹಬ್ಬವನ್ನೂ ಸೇರಿಸಿದ. ಅಂಥ ಸಂತನ ಹೆಸರು ಅಲ್ಲಿಯವರೆಗೆ ಹೆಚ್ಚಿನವರು ಕೇಳಿಯೇ ಇರಲಿಲ್ಲ. (ಇದೇ ಮನುಷ್ಯ 1799ರ ಜನವರಿಯಲ್ಲಿ ಕೈರೋದಿಂದ ನಮ್ಮ ಟಿಪ್ಪುವಿಗೆ ಪತ್ರ ಬರೆದಿದ್ದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು.)

"ಇಡೀ ದೇಶವೇ ನಿನ್ನ ಹುಟ್ಟುಹಬ್ಬ ಮಾಡುತ್ತೆ, ಪುಣ್ಯವಂತ" ಅನ್ನುವವರಿಗೆ ಒಂದು ಮಾತು. ಶಾಲೆಯಲ್ಲಿ ಹುಟ್ಟುಹಬ್ಬ ಅಂದರೆ ಕಲರ್ ಡ್ರೆಸ್. ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಂಡು ಕ್ಲಾಸಿಂದ ಕ್ಲಾಸಿಗೆ ಚಾಕ್ಲೇಟ್ ಹಂಚುವುದು. ಆಗಸ್ಟ್ 15ಕ್ಕೆ ಬಿಳಿ ಯೂನಿಫಾರ್ಮ್ ಕಡ್ಡಾಯ, ಬಿಳಿ ಕ್ಯಾನ್ವಾಸ್ ಶೂಗೆ ಪಾಲಿಶ್ ಬೇರೆ. ಧ್ವಜ ಏರಿದ ಮೇಲೆ ಎಲ್ಲರ ಕೈಗೂ ಬೂಂದಿ ಲಾಡು ಬರುತ್ತಿತ್ತು. ಅದರ ಮುಂದೆ ನನ್ನ ಎರಡು ರೂಪಾಯಿ ಚಾಕ್ಲೇಟ್ ಯಾರಿಗೆ ಬೇಕು? ದೊಡ್ಡವನಾದ ಮೇಲೆ ಗೆಳೆಯರ ದೂರು ಬೇರೆ. ಅವತ್ತು ಡ್ರೈ ಡೇ, ಬಾರ್ ಬಂದ್.

ವಾಟ್ಸಾಪ್ ಪಟ್ಟಿಯಲ್ಲಿ ಬಾರದ ಸಂಗತಿಗಳೂ ಇವೆ. 1942ರ ಆಗಸ್ಟ್ 15ಕ್ಕೆ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. 1950ರ ಅದೇ ದಿನ ಅಸ್ಸಾಂನಲ್ಲಿ 8.6 ತೀವ್ರತೆಯ ಭೂಕಂಪ. 1975ರ ಆಗಸ್ಟ್ 15ರ ಬೆಳಗಿನ ಜಾವ ಢಾಕಾದಲ್ಲಿ ಬಾಂಗ್ಲಾದೇಶದ ಅಧ್ಯಕ್ಷ ಶೇಖ್ ಮುಜಿಬುರ್ ರಹಮಾನ್ ಅವರನ್ನು ಕುಟುಂಬದವರ ಸಮೇತ ಕೊಂದರು. ತುರ್ತು ಪರಿಸ್ಥಿತಿಯಲ್ಲಿದ್ದ ನಮ್ಮ ದೇಶದಲ್ಲಿ ಆ ದಿನವೇ ‘ಶೋಲೆ’ ಬಿಡುಗಡೆಯಾಯಿತು. ರಾಮನಗರದ ಬಂಡೆಗಳು ಮುಂಬೈ ತೆರೆಯ ಮೇಲೆ ಬಂದದ್ದು ಆ ದಿನ. ಮುಂದೆ ಅಲ್ಲಿನ ಪ್ರಧಾನಿಯಾಗಿದ್ದ, ಮುಜಿಬ್ ಮಗಳು ಹಸೀನಾರ ರಾಜಕೀಯ ಎದುರಾಳಿ ಖಾಲಿದಾ ಜಿಯಾ ಆಗಸ್ಟ್ 15ಕ್ಕೇ ಹುಟ್ಟುಹಬ್ಬದ ಕೇಕ್ ಕತ್ತರಿಸಲು ಶುರುಮಾಡಿದಾಗ ಬಾಂಗ್ಲಾದೇಶದಲ್ಲಿ ದೊಡ್ಡ ಜಗಳವೇ ಆಯಿತು. ದಾಖಲೆಗಳಲ್ಲಿ ಬೇರೆ ತಾರೀಖು ಇದೆ ಎಂದು ಕೋರ್ಟಿನವರೆಗೂ ಹೋದರು. ಶೋಕದ ದಿನ ನಗುವ ಹಕ್ಕು ಯಾರಿಗಿದೆ ಅನ್ನುವುದೇ ಅಲ್ಲಿ ರಾಜಕೀಯವಾಗಿತ್ತು.

ಇನ್ನೊಂದು ವಿಷಯ, ಇದನ್ನು ಹೇಳಿಕೊಟ್ಟವನು ಕಲಬುರಗಿಯ ಗೆಳೆಯ. 1947ರ ಆಗಸ್ಟ್ 15 ನಮ್ಮ ರಾಜ್ಯದ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿತ್ತು, ಆದರೆ ಜನರ ಸರ್ಕಾರ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ನಡೆದು, ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ "ಆರ್ಕಾಟ್ ಬಾಯ್ಕಾಟ್" ಕೂಗು ಎದ್ದು, ಕೆ.ಸಿ. ರೆಡ್ಡಿಯವರು ಅಧಿಕಾರಕ್ಕೆ ಬಂದದ್ದು ಅಕ್ಟೋಬರ್ 25ಕ್ಕೆ. ಬೀದರ್, ಕಲಬುರಗಿ, ರಾಯಚೂರಿನವರು ಆಗ ನಿಜಾಮನ ಆಳ್ವಿಕೆಯಲ್ಲಿದ್ದರು. ಅಲ್ಲಿ ತ್ರಿವರ್ಣ ಹಾರಿಸುವುದೇ ಅಪರಾಧ. ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದದ್ದು ಆ ದಿನವೇ. ಭಾರತದ ಸೇನೆ 1948ರ ಸೆಪ್ಟೆಂಬರ್ 13ಕ್ಕೆ ಒಳಗೆ ನುಗ್ಗಿ, 17ಕ್ಕೆ ನಿಜಾಮ ಶರಣಾದ ಮೇಲೆಯೇ ಅವರಿಗೆ ಬಿಡುಗಡೆ. ಅದಕ್ಕೇ ಕಲ್ಯಾಣ ಕರ್ನಾಟಕದಲ್ಲಿ ಸೆಪ್ಟೆಂಬರ್ 17ಕ್ಕೆ ಮತ್ತೊಮ್ಮೆ ಧ್ವಜ ಏರಿಸುತ್ತಾರೆ. ಆ ಗೆಳೆಯ ಹುಟ್ಟಿದ್ದು ಸೆಪ್ಟೆಂಬರ್ 17ಕ್ಕೆ. ಅವನನ್ನೂ ಜನ ಇದೇ ಪ್ರಶ್ನೆ ಕೇಳುತ್ತಾರಂತೆ.